ಶ್ರವಣಯಂತ್ರವೂ ಸುತ್ತಲಿನ ಗದ್ದಲವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಅಭ್ಯುದಯವನ್ನು ಕುರಿತೂ, ನಮ್ಮನ್ನು ತಿದ್ದಿ ಬೆಳೆಸಿದ ಉಪಾಧ್ಯಾಯಿನಿಯರ ಗುಣಗಳನ್ನು ಕುರಿತೂ ಬರೆಯುವುದು ವಾಡಿಕೆ. ಅಂತಹ ಲೇಖನಗಳು ಈ ಸಂಚಿಕೆಯಲ್ಲಿ ಬೇಕಾದಷ್ಟು ಇರುವುದರಿಂದ, ಸಂಪಾದಕ ಮಂಡಲಿಯವರ ಅಪ್ಪಣೆಯನ್ನು ಪಡೆದು ನಾವು ಬೇರೊಂದು ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಮೊದಲ ನೋಟಕ್ಕೆ ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ದಿನನಿತ್ಯದ ಸುಖದುಃಖಗಳು ಇದನ್ನು ಅವಲಂಬಿಸಿವೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕಳೆದ ಸಾರಿ ನಡೆದ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಊಟಕ್ಕೆ ಮುಂಚೆಯೇ ಹೊರಟುಹೋದವರು ಕೆಲವರಿದ್ದರು. ಅವರಲ್ಲಿ ನಮ್ಮ ತರಗತಿಯಲ್ಲಿ ಓದಿದವರೇ ಮೂವರು. ಶಾಲೆಯಲ್ಲಿದ್ದಾಗ ಇವರ ಮಾತಿಗೆ ಕೊನೆಯೇ ಇಲ್ಲವೆಂದು ಉಪಾಧ್ಯಾಯಿನಿಯರಿಂದ ಬೈಸಿಕೊಂಡವರು ಅವರು. ಅಂದು ಹಿಂದಿನ ಸಾಲಿನಲ್ಲಿ ಕುಳಿತು, ಯಾರು ಏನು ಹೇಳಿದರೂ ನಸುನಕ್ಕು ತಲೆಯಾಡಿಸಿ, ಹನ್ನೆರಡು ಗಂಟೆಯಾಗುವುದರೊಳಗೆ ಚೀಲಗಳನ್ನೆತ್ತಿಕೊಂಡರು. ಹೆಬ್ಬಾಗಿಲ ಬಳಿ ಕಾರಣವನ್ನು ವಿಚಾರಿಸಿದಾಗ ಒಬ್ಬಾಕೆಯು, “ಕೇಳಿಸುತ್ತದಮ್ಮ, ಆದರೆ ತಿಳಿಯುವುದಿಲ್ಲ” ಎಂದರು. ಶ್ರವಣಯಂತ್ರವನ್ನು ಕೊಂಡುಕೊಳ್ಳಬಾರದೇ ಎಂದು ಕೇಳಿದ್ದಕ್ಕೆ, “ಕೊಂಡಿದ್ದೇನೆ, ಕಪಾಟಿನಲ್ಲಿದೆ. ಅದನ್ನು ಹಾಕಿಕೊಂಡರೆ ಮಾತಿಗಿಂತ ಗದ್ದಲವೇ ಹೆಚ್ಚು” ಎಂಬ ಉತ್ತರ ಬಂದಿತು.

ಈ ಉತ್ತರವನ್ನು ಕೇಳಿ ನಾವು ನಗಲಿಲ್ಲ. ನಗುವ ಹಕ್ಕೂ ನಮಗಿರಲಿಲ್ಲ. ನಮ್ಮ ಯಂತ್ರವೂ ಒಂದು ಕಾಲದಲ್ಲಿ ಎಂಟು ತಿಂಗಳು ಕಪಾಟಿನಲ್ಲಿಯೇ ವಾಸವಾಗಿತ್ತು. ಆದಕಾರಣ ಅನುಭವದಿಂದ ಹುಟ್ಟಿದ ನಮ್ಮ ಅಭಿಪ್ರಾಯವನ್ನು ಇಲ್ಲಿ ಮೂರು ಮಾತುಗಳಲ್ಲಿ ಹೇಳಿ, ಆಮೇಲೆ ಅದನ್ನು ವಿವರಿಸುತ್ತೇವೆ. ಮೊದಲನೆಯದಾಗಿ, ಗದ್ದಲವನ್ನು ಕುರಿತ ಈ ದೂರು ನಿಜವಾದುದು. ಅದು ಮುದುಕಿಯರ ಹಟವಲ್ಲ. ಎರಡನೆಯದಾಗಿ, ಗದ್ದಲವಿದೆಯೆಂದು ಯಂತ್ರವನ್ನು ತೆಗೆದಿಡುವುದು ತಪ್ಪು. ಕಿವಿಯೂ ಒಬ್ಬ ವಿದ್ಯಾರ್ಥಿನಿಯೇ, ಅದಕ್ಕೆ ಪಾಠವೂ ಕಾಲಾವಕಾಶವೂ ಬೇಕು. ಮೂರನೆಯದಾಗಿ, ಈ ಪಾಠದ ಹೊರೆಯೆಲ್ಲವನ್ನೂ ಯಂತ್ರ ಧರಿಸಿದವಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅರ್ಧ ಹೊರೆಯನ್ನು ಮನೆಯವರೂ, ಸಭೆ ನಡೆಸುವವರೂ, ನಮ್ಮ ಶಾಲೆಯೂ ಹೊರತಕ್ಕದ್ದು.

ಮೊದಲು ಕಿವಿಯ ಸಂಗತಿ. ಶಬ್ದವು ಕಿವಿಯ ತಮಟೆಯನ್ನು ಅಲುಗಿಸಿ, ಮೂರು ಚಿಕ್ಕ ಎಲುಬುಗಳ ಮೂಲಕ ಒಳಗಿವಿಯ ಶಂಖವನ್ನು ಸೇರುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಆ ಶಂಖದಲ್ಲಿ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳಿವೆ. ಅವುಗಳಲ್ಲಿ ಒಳಸಾಲಿನವು ಶಬ್ದದ ಸುದ್ದಿಯನ್ನು ಮೆದುಳಿಗೆ ಕಳುಹಿಸುತ್ತವೆ. ಸಂಖ್ಯೆಯಲ್ಲಿ ಹೆಚ್ಚಾಗಿರುವ ಹೊರಸಾಲುಗಳವು ಮೆಲುಸದ್ದನ್ನು ಹಿಗ್ಗಿಸಿ, ಒಂದು ಸ್ವರವನ್ನು ಅದರ ನೆರೆಯ ಸ್ವರದಿಂದ ಬೇರ್ಪಡಿಸಿ ಕೊಡುತ್ತವೆ. ವಯಸ್ಸು, ದೀರ್ಘಕಾಲದ ದೊಡ್ಡ ಸದ್ದು, ಕೆಲವು ರೋಗಗಳು ಮತ್ತು ಔಷಧಗಳು ಈ ಕೋಶಗಳನ್ನು ಕೆಡಿಸುತ್ತವೆ. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶವು ಮತ್ತೆ ಹುಟ್ಟುವುದಿಲ್ಲ.

ವಯಸ್ಸಿನಿಂದ ಬರುವ ಕಿವುಡಿನಲ್ಲಿ ಸಾಮಾನ್ಯವಾಗಿ ತಾರಸ್ವರಗಳು ಮೊದಲು ಮಾಯವಾಗುತ್ತವೆ. ಮಾತಿನಲ್ಲಿ ‘ಅ’, ‘ಆ’, ‘ಓ’ ಮುಂತಾದ ಸ್ವರಗಳು ಗಟ್ಟಿಯಾಗಿಯೂ ಮಂದ್ರವಾಗಿಯೂ ಇರುತ್ತವೆ. ‘ಸ’, ‘ಶ’, ‘ಕ’, ‘ತ’ ಎಂಬ ವ್ಯಂಜನಗಳಾದರೋ ಬಲಹೀನವಾದವು. ಅವುಗಳ ಗುರುತೆಲ್ಲ ತಾರಸ್ಥಾಯಿಯಲ್ಲಿದೆ. ಆದುದರಿಂದ ಅಡಿಗೆಮನೆಯಿಂದ ಸೊಸೆಯು ‘ಕಾಯಿ’ ಎಂದರೆ ಅತ್ತೆಗೆ ‘ತಾಯಿ’ ಎಂದೋ, ಬರಿಯ ‘ಆಯಿ’ ಎಂದೋ ಕೇಳಿಸುತ್ತದೆ. ಧ್ವನಿ ಬಂದಿದೆ, ಅರ್ಥ ಬಂದಿಲ್ಲ. “ಕೇಳಿಸುತ್ತದೆ, ತಿಳಿಯುವುದಿಲ್ಲ” ಎಂಬುದರ ತಾತ್ಪರ್ಯವಿದೇ. ನಿಶ್ಶಬ್ದವಾದ ಕೋಣೆಯಲ್ಲಿ ಮೆದುಳು ಹಿಂದುಮುಂದಿನ ಮಾತುಗಳಿಂದ ಊಹಿಸಿ ಬಿಟ್ಟ ಸ್ಥಳವನ್ನು ತುಂಬಿಕೊಳ್ಳುತ್ತದೆ. ಗದ್ದಲವಿದ್ದಲ್ಲಿ ಉಳಿದ ಅಕ್ಷರಗಳೂ ಮುಚ್ಚಿಹೋಗುವುದರಿಂದ ಊಹಿಸಲು ಆಧಾರವೇ ಇರುವುದಿಲ್ಲ.

ಹಾಗಾದರೆ ಯಂತ್ರವು ಶಬ್ದವನ್ನು ದೊಡ್ಡದು ಮಾಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಕನ್ನಡಕವು ಕಣ್ಣಿಗೆ ಮಾಡುವ ಉಪಕಾರವನ್ನೇ ಯಂತ್ರವು ಕಿವಿಗೆ ಮಾಡುತ್ತದೆಂದು ನಂಬಿ ನಾವೆಲ್ಲರೂ ಮೋಸಹೋಗುತ್ತೇವೆ. ಕನ್ನಡಕವನ್ನು ಹಾಕಿದೊಡನೆ ಅಕ್ಷರವು ಸ್ಪಷ್ಟವಾಗುತ್ತದೆ. ಏಕೆಂದರೆ ಅಲ್ಲಿ ಬೆಳಕನ್ನು ಸೇರಿಸುವ ಮಸೂರ ಮಾತ್ರ ಕೆಟ್ಟಿದೆ, ಹಿಂದಿನ ಪರದೆಯು ಸರಿಯಾಗಿದೆ. ಕಿವಿಯಲ್ಲಿ ಕೆಟ್ಟಿರುವುದು ಪರದೆಯೇ. ಯಂತ್ರವು ಶಬ್ದವನ್ನು ಬಲಪಡಿಸಿ ಒಪ್ಪಿಸಬಲ್ಲುದು. ಆದರೆ ಮಾತನ್ನು ಗದ್ದಲದಿಂದ ಜಾಲಿಸಿ ತೆಗೆಯುವ ಒಳಗಿನ ಜರಡಿಯ ಕಣ್ಣುಗಳು ಹರಿದಿವೆ. ಅಲ್ಲದೆ, ಸಣ್ಣ ಸದ್ದು ಕೇಳಿಸದಿದ್ದರೂ ದೊಡ್ಡ ಸದ್ದು ಎಲ್ಲರಿಗೂ ಕೇಳಿಸುವಷ್ಟೇ ಜೋರಾಗಿ ಕೇಳಿಸುವುದು ಈ ಕಿವುಡಿನ ಇನ್ನೊಂದು ಲಕ್ಷಣ. ಆದುದರಿಂದಲೇ, “ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಿದರೆ ಕೂಗಬೇಡಿರೆಂದು ಗದರುತ್ತಾರೆ” ಎಂದು ಮನೆಯವರು ಆಡಿಕೊಳ್ಳುವುದು. ಆ ಎರಡೂ ಮಾತು ಏಕಕಾಲದಲ್ಲಿ ನಿಜವಾಗಿರಬಹುದೆಂದು ಅವರು ತಿಳಿಯಬೇಕು.

ಗುಂಪಿನ ನಡುವೆ ಒಬ್ಬರ ಮಾತನ್ನು ಮಾತ್ರ ಹಿಡಿದುಕೊಳ್ಳುವುದು ಎಷ್ಟು ದೊಡ್ಡ ಕೆಲಸವೆಂಬುದನ್ನು 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿದ್ವಾಂಸರು ಪ್ರಯೋಗಗಳಿಂದ ವಿಚಾರ ಮಾಡಿದರು. ಎರಡು ಕಿವಿಗಳಿಗೆ ಬರುವ ಸದ್ದಿನ ಕಾಲಭೇದ, ಬಲಭೇದ, ಮಾತನಾಡುವವರ ಕಂಠ, ದಿಕ್ಕು ಇವೆಲ್ಲವನ್ನೂ ಕೂಡಿಸಿ ಮೆದುಳು ಆ ಕೆಲಸವನ್ನು ನಡೆಸುತ್ತದೆ. ಕಿವಿ ಚೆನ್ನಾಗಿರುವವರು ಮಾತಿಗಿಂತ ಗದ್ದಲವೇ ಸ್ವಲ್ಪ ಜೋರಾಗಿದ್ದರೂ ಅರ್ಥಮಾಡಿಕೊಳ್ಳಬಲ್ಲರು. ಕಿವಿ ಕುಂದಿದವರಿಗೆ ಮಾತೇ ಗದ್ದಲಕ್ಕಿಂತ ಮೇಲಾಗಿರಬೇಕು. ಒಂದೇ ಕೋಣೆಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ಗೆಳತಿಯರು ಎರಡು ಬೇರೆ ಬೇರೆ ಕೋಣೆಗಳಲ್ಲಿರುವಂತಾಗುವುದು ಹೀಗೆ.

ಈಗ ನಮ್ಮ ಸ್ವಂತ ಕಥೆಯನ್ನು ಸ್ವಲ್ಪ ಹೇಳುವುದಕ್ಕೆ ವಾಚಕರು ಅನುಮತಿ ಕೊಡಬೇಕು. ಯಂತ್ರವನ್ನು ಮೊದಲು ಧರಿಸಿದ ದಿನ ಮನೆಗೆ ಬರುವ ದಾರಿಯಲ್ಲಿ ನಮಗೆ ಆದುದು ಆನಂದವಲ್ಲ, ಗಾಬರಿ. ಆಟೋರಿಕ್ಷಾದ ಸದ್ದು ಎದೆಗೆ ಗುದ್ದಿದಂತಾಯಿತು. ಮನೆಯೊಳಗೆ ಫ್ಯಾನು ಗೊರಗುಟ್ಟಿತು. ವೃತ್ತಪತ್ರಿಕೆಯ ಹಾಳೆಯನ್ನು ಮಗುಚಿದರೆ ತೆಂಗಿನ ಗರಿಯನ್ನು ಎಳೆದಾಡಿದಂತಾಯಿತು. ನಮ್ಮ ಬಳೆಗಳ ಸದ್ದು, ನಮ್ಮ ಹೆಜ್ಜೆಯ ಸದ್ದು, ಕಡೆಗೆ ನಮ್ಮ ಧ್ವನಿಯೇ ಹಂಡೆಯೊಳಗಿಂದ ಬಂದಂತೆ ಕೇಳಿಸಿತು. ಕುಕ್ಕರು ಕೂಗಿದಾಗ ಕೈಯಲ್ಲಿದ್ದ ಲೋಟವನ್ನು ಬಿಟ್ಟೆವು. ಯಂತ್ರವನ್ನು ಮಾರಿದವರು ಅದನ್ನು ಕಿವಿಯಲ್ಲಿರಿಸಿ, ಗುಂಡಿಯನ್ನು ತೋರಿಸಿ, ಹಣವನ್ನೆಣಿಸಿಕೊಂಡರೇ ಹೊರತು ಹೀಗಾಗುವುದೆಂದಾಗಲಿ, ಇದು ತಾನಾಗಿಯೇ ಕಡಿಮೆಯಾಗುವುದೆಂದಾಗಲಿ ಒಂದು ಮಾತನ್ನೂ ಹೇಳಿರಲಿಲ್ಲ. ಹತ್ತು ದಿನಗಳ ಮೇಲೆ ನಾವು ಯಂತ್ರವನ್ನು ಡಬ್ಬಿಗೆ ಹಾಕಿ ಮುಚ್ಚಿದೆವು. ಮನೆಯು ಮೊದಲಿನಂತೆ ಶಾಂತವಾಯಿತು.

ಆ ಶಾಂತಿಯ ಬೆಲೆ ಎಷ್ಟೆಂಬುದು ಆಮೇಲೆ ತಿಳಿಯಿತು. ಒಂದು ಸಂಜೆ ಅಡಿಗೆಮನೆಯಲ್ಲಿ ಮಿಕ್ಸಿಯು ತಿರುಗುತ್ತಿದ್ದಾಗ ಶಾಲೆಯಿಂದ ಬಂದ ಮೊಮ್ಮಗಳು ಓಡಿಬಂದು ನಮ್ಮ ಸೆರಗನ್ನೆಳೆದು ಏನನ್ನೋ ಹೇಳಿದಳು. ನಾವು, “ಹೌದು, ಒಣಗಿದೆ, ತೆಗೆದಿಟ್ಟಿದ್ದೇನೆ” ಎಂದೆವು. ಅವಳು ಇನ್ನೊಮ್ಮೆ ಹೇಳಿದಳು. ನಾವು ನಕ್ಕು ತಲೆಯಾಡಿಸಿದೆವು. ಮಗುವು ಸುಮ್ಮನೆ ನಿಂತು ನಮ್ಮ ಮುಖವನ್ನು ನೋಡಿ ಹೊರಟುಹೋಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಹೇಳುವುದಕ್ಕೆ ತನ್ನನ್ನು ಆರಿಸಿದ್ದಾರೆ, ಅಜ್ಜಿಯೇ ಕಲಿಸಿಕೊಡಬೇಕು ಎಂದು ಅವಳು ಕೇಳಿದ್ದಳೆಂದು ಮೂರು ದಿನಗಳ ಮೇಲೆ ಅವಳ ತಾಯಿಯಿಂದ ಗೊತ್ತಾಯಿತು. ಆ ವೇಳೆಗೆ ಪದ್ಯವನ್ನು ಬೇರೆಯವರಿಂದ ಕಲಿತುಕೊಂಡಿದ್ದಳು. ಆ ಮೇಲೆ ಅವಳು ನಮಗೆ ಹೇಳುವ ಸುದ್ದಿಗಳು ಚಿಕ್ಕವಾಗುತ್ತ ಬಂದವು. ಮಕ್ಕಳು ದ್ವೇಷದಿಂದ ಹೀಗೆ ಮಾಡುವುದಿಲ್ಲ. ಉತ್ತರ ಬಾರದ ಬಾಗಿಲನ್ನು ಯಾರು ತಾನೇ ಎಷ್ಟು ದಿನ ತಟ್ಟುತ್ತಾರೆ? ಆ ವಾರವೇ ನಾವು ಡಬ್ಬಿಯನ್ನು ತೆರೆದೆವು.

ಎರಡನೆಯ ಸಾರಿ ನಾವು ಬೇರೊಬ್ಬ ಶ್ರವಣತಜ್ಞರ ಬಳಿಗೆ ಹೋದೆವು. ಅವರು ಹೇಳಿದ ಮಾತು ಇದು: “ನಿಮ್ಮ ಕಿವಿಯು ಹೊಸದಾಗಿ ಗದ್ದಲವನ್ನು ಕಂಡುಹಿಡಿದಿಲ್ಲ, ನಿಮ್ಮ ಮೆದುಳು ಅದನ್ನು ಮರೆಯುವ ಅಭ್ಯಾಸವನ್ನು ಕಳೆದುಕೊಂಡಿದೆ.” ಯೋಚಿಸಿದರೆ ಇದು ದಿಟ. ಕಿವಿ ಚೆನ್ನಾಗಿರುವವರ ಮನೆಯಲ್ಲಿ ಫ್ಯಾನಿಗೆ ಸದ್ದಿಲ್ಲವೇ? ಗಡಿಯಾರಕ್ಕೆ ಸದ್ದಿಲ್ಲವೇ? ಇದೆ, ಆದರೆ ಅರ್ಥವಿಲ್ಲದೆ ಒಂದೇ ಸಮನಾಗಿ ಬರುವ ಸದ್ದನ್ನು ಮೆದುಳು ಬದಿಗೆ ಸರಿಸಿಬಿಡುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಆಷಾಢದ ರಾತ್ರಿ ಹಂಚಿನ ಮಾಡಿನ ಮೇಲೆ ಮಳೆಯು ಹೊಡೆಯುತ್ತಿದ್ದರೂ ನಾವು ನಿದ್ದೆ ಮಾಡುತ್ತಿರಲಿಲ್ಲವೇ? ಕಿವುಡು ಮೆಲ್ಲಮೆಲ್ಲನೆ ಬರುವ ರೋಗವಾದುದರಿಂದ ಅನೇಕರು ಯಂತ್ರವನ್ನು ಧರಿಸುವ ಹೊತ್ತಿಗೆ ಹಲವು ವರ್ಷಗಳ ನಿಶ್ಶಬ್ದಕ್ಕೆ ಒಗ್ಗಿರುತ್ತಾರೆ. ಆ ಮೇಲೆ ಎಲ್ಲ ಸದ್ದುಗಳೂ ಒಮ್ಮೆಗೇ ನುಗ್ಗಿದರೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದು ಮೆದುಳಿಗೆ ತಿಳಿಯದು. ಅದನ್ನು ಮತ್ತೆ ಕಲಿಸಬೇಕು. ಕಲಿಸಬೇಕಾದರೆ ಸದ್ದು ಅದರ ಮುಂದೆ ದಿನವೂ ಇರಬೇಕು. ಗ್ಲಾಸ್ಗೋ ನಗರದಲ್ಲಿ ಸ್ಟುವರ್ಟ್ ಗೇಟ್‌ಹೌಸ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಯಂತ್ರದಿಂದ ಮಾತನ್ನು ತಿಳಿಯುವ ಶಕ್ತಿಯು ಮೊದಲ ದಿನವೇ ಪೂರ್ತಿ ಬಾರದೆ, ಆರರಿಂದ ಹನ್ನೆರಡು ವಾರಗಳಲ್ಲಿ ಬೆಳೆಯುತ್ತ ಬರುವುದೆಂದು ಕಂಡರು. ಎಷ್ಟು ಬೆಳೆಯುವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಹತ್ತು ದಿನಗಳಲ್ಲಿ ತೀರ್ಪು ಕೊಟ್ಟ ನಮ್ಮಂಥವರು ಆತುರಪಟ್ಟೆವೆಂಬುದರಲ್ಲಿ ಸಂಶಯವಿಲ್ಲ. ಹಾಡುತ್ತ ಹಾಡುತ್ತ ರಾಗವೆಂಬ ಗಾದೆಯು ಕೊರಳಿಗೆ ಮಾತ್ರವಲ್ಲ, ಕಿವಿಗೂ ಸಲ್ಲುತ್ತದೆ.

ನಾವು ಅನುಸರಿಸಿದ ಪಾಠಕ್ರಮವನ್ನು ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇವೆ. ಮೊದಲ ವಾರ ಮನೆಯೊಳಗೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೊಡನೆ ಎದುರುಬದುರು ಕುಳಿತು ಮಾತು. ಒಬ್ಬರೇ ಇದ್ದಾಗ ಪುಸ್ತಕವನ್ನು ಗಟ್ಟಿಯಾಗಿ ಓದಿ ನಮ್ಮ ಧ್ವನಿಗೆ ನಾವು ಒಗ್ಗಿಕೊಳ್ಳುವುದು. ಮನೆಯ ಒಂದೊಂದು ಸದ್ದನ್ನೂ ಹುಡುಕಿ ಇದು ನೀರಿನ ಕೊಳಾಯಿ, ಇದು ಶೀತಕಪೆಟ್ಟಿಗೆ, ಇದು ಕಾಗೆ ಎಂದು ಹೆಸರಿಡುವುದು. ಹೆಸರು ತಿಳಿದ ಸದ್ದು ಮನಸ್ಸನ್ನು ಕಾಡುವುದು ಕಡಿಮೆ. ಎರಡನೆಯ ಹಾಗೂ ಮೂರನೆಯ ವಾರಗಳಲ್ಲಿ ಇಬ್ಬರು ಮೂವರೊಡನೆ ಮಾತು, ವಾರ್ತೆ ಓದುವವರ ಮುಖವನ್ನು ನೋಡುತ್ತ ಟೆಲಿವಿಷನ್ನಿನ ವಾರ್ತೆ, ಸಂಜೆ ಅಂಗಳದಲ್ಲಿ ಅಡ್ಡಾಟ. ಆ ಮೇಲೆ ಅಂಗಡಿ, ಪ್ರಾರ್ಥನಾ ಮಂದಿರ, ನೆಂಟರ ಮನೆ. ಮದುವೆಯ ಮಂಟಪವು ಈ ವಿದ್ಯೆಯಲ್ಲಿ ಕೊನೆಯ ಪರೀಕ್ಷೆ. ಮೊದಲ ವಾರವೇ ಅಲ್ಲಿಗೆ ಹೋಗಿ ಅನುತ್ತೀರ್ಣರಾದೆವೆಂದು ಅಳತಕ್ಕದ್ದಲ್ಲ. ಎಚ್ಚರವಾಗಿರುವ ಹೊತ್ತಿನಲ್ಲಿ ಆದಷ್ಟು ಹೆಚ್ಚು ಕಾಲ ಯಂತ್ರವನ್ನು ಧರಿಸಿಯೇ ಇರಬೇಕು. ಸಮಾರಂಭಕ್ಕೆ ಉಡುವ ರೇಷ್ಮೆ ಸೀರೆಯಂತೆ ಅಪರೂಪಕ್ಕೊಮ್ಮೆ ಅದನ್ನು ತೆಗೆದರೆ, ಅತ್ಯಂತ ಕಠಿನವಾದ ಸ್ಥಳದಲ್ಲಿ ಅಭ್ಯಾಸವಿಲ್ಲದ ಕಿವಿಯನ್ನು ಪರೀಕ್ಷೆಗೆ ಕೂರಿಸಿದಂತಾಗುತ್ತದೆ.

ಸ್ಥಳವನ್ನು ಆರಿಸುವುದೂ ಒಂದು ವಿದ್ಯೆ. ಇಂದಿನ ಅನೇಕ ಯಂತ್ರಗಳಲ್ಲಿ ಮುಂದಿನಿಂದ ಬರುವ ಸದ್ದನ್ನು ಹೆಚ್ಚಾಗಿ, ಹಿಂದಿನದನ್ನು ಕಡಿಮೆಯಾಗಿ ಹಿಡಿಯುವ ಏರ್ಪಾಡಿದೆ. ಆದುದರಿಂದ ಗದ್ದಲಕ್ಕೆ ಬೆನ್ನು ಮಾಡಿ, ಮಾತನಾಡುವವರಿಗೆ ಮುಖ ಮಾಡಿ ಕೂರಬೇಕು. ಹತ್ತಿರ ಸರಿಯುವುದು ಇನ್ನೂ ಮೇಲು. ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಸದ್ದಿನ ಮಟ್ಟವು 6 ಡೆಸಿಬಲ್ ಇಳಿಯುತ್ತದೆ, ಹತ್ತಿರವಾದಂತೆ ಅಷ್ಟೇ ಏರುತ್ತದೆ. ಸಭೆಯಲ್ಲಿ ಮಾತನಾಡುವವರ ಬಳಿ ಇರಿಸತಕ್ಕ ಚಿಕ್ಕ ಮೈಕುಗಳೂ ಬಂದಿವೆ. ಅವು ಧ್ವನಿಯನ್ನು ನೇರವಾಗಿ ಯಂತ್ರಕ್ಕೆ ಕಳುಹಿಸುವುದರಿಂದ ದೂರವೂ ಗದ್ದಲವೂ ಎರಡೂ ಒಟ್ಟಿಗೆ ತಗ್ಗುತ್ತವೆ. ಯಂತ್ರದೊಳಗೇ ಗದ್ದಲವನ್ನು ತಗ್ಗಿಸುವ ಉಪಾಯಗಳಿಂದ ಆಯಾಸವು ಕಡಿಮೆಯಾಗುವುದು ನಿಜ. ಆದರೆ ಯಾವ ಯಂತ್ರವೂ ಎಳೆಯ ಕಿವಿಯನ್ನು ಹಿಂದಕ್ಕೆ ತಂದುಕೊಡುವುದಿಲ್ಲವೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತಾಳ್ಮೆಯೆಂದರೆ ನೋವನ್ನು ಸಹಿಸುವುದೆಂದು ಅರ್ಥವಲ್ಲ. ಯಂತ್ರವು ಶಿಳ್ಳೆ ಹಾಕಿದರೆ, ಕಿವಿ ಹುಣ್ಣಾದರೆ, ತಟ್ಟೆ ಲೋಟಗಳ ಸದ್ದು ಚುಚ್ಚುವಂತಿದ್ದರೆ, ಅದನ್ನು ನುಂಗಿಕೊಳ್ಳದೆ ತಜ್ಞರಲ್ಲಿಗೆ ಹಿಂದಿರುಗಿ ಸರಿಪಡಿಸಿಕೊಳ್ಳಬೇಕು. ಯಾವ ಸ್ಥಳದಲ್ಲಿ, ಯಾವ ಸದ್ದು, ಯಾವ ಹೊತ್ತಿನಲ್ಲಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೂ ಅನುಕೂಲ. ಅಲ್ಲದೆ ಗದ್ದಲವನ್ನು ಒಪ್ಪಿಕೊಳ್ಳುವ ಶಕ್ತಿಯು ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. ಅನ್ನಾ ನಾಬೆಲೆಕ್ ಎಂಬ ವಿದುಷಿಯೂ ಅವರ ಸಂಗಡಿಗರೂ 1991ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಯಂತ್ರವನ್ನು ಸದಾ ಧರಿಸುವ ವೃದ್ಧರು ಅದನ್ನು ಬಿಟ್ಟುಬಿಟ್ಟವರಿಗಿಂತ ಹೆಚ್ಚು ಗದ್ದಲವನ್ನು ಒಪ್ಪಿಕೊಳ್ಳಬಲ್ಲರೆಂದು ಕಂಡುಬಂದಿತು. ಆದಕಾರಣ, “ಪಕ್ಕದ ಮನೆಯ ಅಜ್ಜಿಗೆ ಆಗುತ್ತದೆ, ನಿಮಗೇಕೆ ಆಗದು?” ಎಂದು ಯಾರನ್ನೂ ಹೀಯಾಳಿಸತಕ್ಕದ್ದಲ್ಲ.

ಹೀಗೆ ಹೀಯಾಳಿಸುವ ಮಾತಿನಿಂದಲೇ ಮನೆಯವರ ಕರ್ತವ್ಯದ ಪ್ರಸ್ತಾಪ ಬರುತ್ತದೆ. ಕಿವುಡರ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯನ್ನು ನಮ್ಮ ಜನರು ಎಷ್ಟು ಸುಲಭವಾಗಿ ಆಡುತ್ತಾರೆ! ಕುರುಡರಿಗೆ ದಾರಿ ಬಿಡುವ ಜನರೇ ಕಿವುಡರನ್ನು ಕಂಡು ನಗುವುದು ನಮ್ಮ ಸಮಾಜದ ಒಂದು ಹಳೆಯ ದೋಷ. ಮನೆಯವರು ಮಾಡತಕ್ಕ ಕೆಲಸವು ಹೆಚ್ಚಿಲ್ಲ. ಮಾತಿಗೆ ಮುಂಚೆ ಹೆಸರು ಹಿಡಿದು ಕರೆಯಲಿ. ಮುಖವನ್ನು ಬೆಳಕಿನ ಕಡೆಗಿಟ್ಟು, ಬಾಯಿಗೆ ಕೈ ಅಡ್ಡವಿಡದೆ ಮಾತನಾಡಲಿ. ತುಟಿಗಳ ಚಲನೆಯು ಕಿವಿಗೆ ಬಿಟ್ಟುಹೋದುದನ್ನು ಕಣ್ಣಿಗೆ ಕೊಡುತ್ತದೆ. ಕೂಗದೆ, ಸ್ವಲ್ಪ ನಿಧಾನವಾಗಿ ಬಿಡಿಬಿಡಿಯಾಗಿ ಹೇಳಲಿ. ಕೂಗಿದಾಗ ಸ್ವರಗಳೇ ಉಬ್ಬುತ್ತವೆ, ವ್ಯಂಜನಗಳು ಅವುಗಳ ಹಿಂದೆ ಅಡಗುತ್ತವೆ. ತಿಳಿಯದಿದ್ದರೆ ಅದೇ ಮಾತನ್ನು ನಾಲ್ಕು ಸಾರಿ ಹೇಳುವ ಬದಲು ಬೇರೆ ಶಬ್ದಗಳಲ್ಲಿ ಹೇಳಲಿ. ಮಿಕ್ಸಿಯನ್ನು ನಿಲ್ಲಿಸಿ, ಟೆಲಿವಿಷನ್ನನ್ನು ತಗ್ಗಿಸಿ ಮಾತು ತೆಗೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, “ಏನಿಲ್ಲ ಬಿಡು, ಆಮೇಲೆ ಹೇಳುತ್ತೇನೆ” ಎಂಬ ಮಾತನ್ನು ಆಡದಿರಲಿ. ಆ ‘ಆಮೇಲೆ’ ಎಂಬುದು ಬರುವುದೇ ಇಲ್ಲವೆಂಬುದು ಕಿವಿ ಕುಂದಿದವರೆಲ್ಲರ ಅನುಭವ.

ಇದು ಒಂದೆರಡು ಮನೆಗಳ ಸಂಕಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೊರಡಿಸಿದ ವರದಿಯಂತೆ ಲೋಕದಲ್ಲಿ 43 ಕೋಟಿಗೂ ಮಿಕ್ಕ ಜನರಿಗೆ ಕಿವುಡಿನ ಕಾರಣದಿಂದ ನೆರವು ಬೇಕಾಗಿದೆ. 2050ರ ವೇಳೆಗೆ ಈ ಸಂಖ್ಯೆಯು 70 ಕೋಟಿಯನ್ನು ಮೀರಬಹುದು. ಕಿವಿ ಕುಂದಿದವರಲ್ಲಿ ಮರೆವಿನ ರೋಗವು ಹೆಚ್ಚಾಗಿ ಕಂಡುಬರುವುದೆಂದು ವೈದ್ಯರು ಎಚ್ಚರಿಸುತ್ತಿದ್ದಾರೆ. ಅಮೆರಿಕದಲ್ಲಿ 70ರಿಂದ 84 ವರ್ಷ ವಯಸ್ಸಿನ 977 ಜನರನ್ನು ಮೂರು ವರ್ಷ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಇಡೀ ಗುಂಪಿನಲ್ಲಿ ಯಂತ್ರದಿಂದ ಬುದ್ಧಿಶಕ್ತಿಯ ರಕ್ಷಣೆಯಾಯಿತೆಂದು ಕಾಣಲಿಲ್ಲ; ಆದರೆ ಮೊದಲೇ ಅಪಾಯ ಹೆಚ್ಚಾಗಿದ್ದವರಲ್ಲಿ ಬುದ್ಧಿ ಕುಂದುವ ವೇಗವು ಸುಮಾರು ಅರ್ಧಕ್ಕೆ ಇಳಿದಿತ್ತು. ಯಂತ್ರವನ್ನು ಮದ್ದೆಂದು ಹೊಗಳುವುದಕ್ಕೆ ಇದು ಸಾಲದು. ಅದನ್ನು ಕಪಾಟಿನಿಂದ ಹೊರಗೆ ತೆಗೆಯುವುದಕ್ಕೆ ಸಾಕು.

ಖರ್ಚಿನ ಮಾತನ್ನು ಮರೆತಿಲ್ಲ. ಒಳ್ಳೆಯ ಯಂತ್ರದ ಬೆಲೆ ಅನೇಕ ಸಂಸಾರಗಳಿಗೆ ಭಾರವೇ ಸರಿ. ಆದರೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ನಮ್ಮ ನಾಡಿನಲ್ಲಿಯೇ ಇದೆ; ಕಿವಿಯ ಪರೀಕ್ಷೆಗೂ ಯಂತ್ರದ ಹೊಂದಾಣಿಕೆಗೂ ಅಲ್ಲಿಗೆ ದೂರದೂರದಿಂದ ಜನರು ಬರುತ್ತಾರೆ. ವರಮಾನ ಕಡಿಮೆಯಿರುವವರಿಗೆ ಉಪಕರಣಗಳನ್ನು ಒದಗಿಸುವ ಭಾರತ ಸರ್ಕಾರದ ಯೋಜನೆಯೊಂದು 1981ರಿಂದ ನಡೆದುಬಂದಿದೆ. ಹೆತ್ತವರು ಇವುಗಳನ್ನು ವಿಚಾರಿಸಿ ತಿಳಿಯುವುದು ಲೇಸು. ಏಕೆಂದರೆ ಕಿವುಡು ಮುದುಕಿಯರಿಗೆ ಮಾತ್ರ ಮೀಸಲಾದುದಲ್ಲ. ತರಗತಿಯಲ್ಲಿ ‘ದಡ್ಡಿ’ ಎಂದು ಹೆಸರು ಪಡೆದ ಹುಡುಗಿಯು ಎಷ್ಟೋ ವೇಳೆ ಪಾಠವನ್ನು ಕೇಳದ ಹುಡುಗಿ. ಯಂತ್ರವು ಕಿವಿಯ ಹಿಂದೆ ಕಂಡರೆ ಮದುವೆಗೆ ಅಡ್ಡಿಯಾದೀತೆಂದು ಕೂದಲನ್ನು ಇಳಿಬಿಟ್ಟು ಮುಚ್ಚುವ, ಇಲ್ಲವೆ ಧರಿಸಲೇ ಬೇಡವೆನ್ನುವ ತಾಯಂದಿರನ್ನು ನಾವು ಬಲ್ಲೆವು. ಅವರ ಭಯವು ನಮಗೆ ಅರ್ಥವಾಗುತ್ತದೆ. ಅವರ ನಿರ್ಧಾರವು ತಪ್ಪೆಂದು ಹೇಳದೆ ವಿಧಿಯಿಲ್ಲ. ವರನು ಬರುವವರೆಗೆ ಮಗಳು ವಿದ್ಯೆಯಿಲ್ಲದೆ ಕುಳಿತಿರಬೇಕೇ? 1802ರಲ್ಲಿ ಹುಟ್ಟಿದ ಹ್ಯಾರಿಯೆಟ್ ಮಾರ್ಟಿನೊ ಎಂಬ ಆಂಗ್ಲ ಲೇಖಕಿಗೆ ಎಳೆಯ ವಯಸ್ಸಿನಲ್ಲಿಯೇ ಕಿವುಡು ಬಂದಿತು. ಆಕೆಯು ಶ್ರವಣ ಕೊಳವೆಯನ್ನು ಎಲ್ಲರೆದುರಿಗೂ ಹಿಡಿದು ಸಂಭಾಷಿಸಿದಳು, ದೇಶಸಂಚಾರ ಮಾಡಿದಳು, ಗ್ರಂಥಗಳನ್ನು ಬರೆದಳು. 1834ರಲ್ಲಿ ತನ್ನಂತೆ ಕಿವುಡಾದವರನ್ನು ಉದ್ದೇಶಿಸಿ ಪತ್ರರೂಪವಾದ ಲೇಖನವನ್ನು ಪ್ರಕಟಿಸಿದಳು. ಅಂದಿನ ಆ ಉದ್ದ ಕೊಳವೆಗೆ ಹೋಲಿಸಿದರೆ ಇಂದಿನ ಯಂತ್ರವು ಹುಣಿಸೆಯ ಬೀಜದಷ್ಟಿದೆ. ಕೊಳವೆಗೆ ನಾಚದವಳ ಮುಂದೆ ನಾವು ಬೀಜಕ್ಕೆ ನಾಚುವುದೇ?

ಕೊನೆಗೆ ನಮ್ಮ ಶಾಲೆಯ ಮಾತು. ತರಗತಿಯ ಕೋಣೆಯಲ್ಲಿ ಪಾಠದ ಹೊತ್ತಿನ ಹಿನ್ನೆಲೆಯ ಸದ್ದು 35 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಸೂಚಿಸಿತು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಶಾಲೆಗಳ ಸುತ್ತಲಿನ 100 ಮೀಟರುಗಳನ್ನು ನಿಶ್ಶಬ್ದ ವಲಯವಾಗಿ ಘೋಷಿಸಲು ಅವಕಾಶವಿದೆ. ಅಂತಹ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬಲ್. ರಸ್ತೆಯ ಸದ್ದನ್ನು ತಡೆಯುವುದು ನಮ್ಮ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಆದರೆ ನಮ್ಮ ಸಭೆಗಳಲ್ಲಿ ನಾವೇ ಎಬ್ಬಿಸುವ ಸದ್ದಿಗೆ ಹೊಣೆ ಯಾರು? ಎತ್ತರವಾದ ಮಾಡು, ಬರಿಯ ಗೋಡೆಗಳು, ನಾಲ್ಕು ಮೂಲೆಗೆ ನಾಲ್ಕು ಧ್ವನಿವರ್ಧಕಗಳು. ಒಂದು ಮಾತಿನ ಮಾರ್ದನಿ ಅಡಗುವ ಮೊದಲೇ ಇನ್ನೊಂದು ಮಾತು ಅದರ ಮೇಲೆ ಬೀಳುತ್ತದೆ. ಮಾತು ಕೇಳಿಸದೆಂದು ಧ್ವನಿವರ್ಧಕವನ್ನು ಏರಿಸುತ್ತಾರೆ, ಅದು ಏರಿತೆಂದು ಸಭಿಕರು ತಮ್ಮೊಳಗೆ ಗಟ್ಟಿಯಾಗಿ ಮಾತನಾಡುತ್ತಾರೆ. ಗದ್ದಲ ಹೆಚ್ಚಿದಂತೆ ಮಾತನಾಡುವವರ ಕೊರಳು ತಾನಾಗಿಯೇ ಏರುವುದೆಂದು ಫ್ರಾನ್ಸಿನ ಎತಿಯೆನ್ ಲೊಂಬಾರ್ ಎಂಬ ವೈದ್ಯರು 1911ರಲ್ಲಿಯೇ ತೋರಿಸಿದ್ದರು. ನಮ್ಮ ಕೂಟಗಳು ಅದಕ್ಕೆ ಒಳ್ಳೆಯ ನಿದರ್ಶನ.

ಆದಕಾರಣ ಮುಂದಿನ ಕೂಟವನ್ನು ಏರ್ಪಡಿಸುವ ಸೋದರಿಯರಲ್ಲಿ ನಮ್ಮ ಬಿನ್ನಹವು ಇಷ್ಟು. ಭಾಷಣಗಳು ಮುಗಿದ ಮೇಲೆ ಧ್ವನಿವರ್ಧಕದಲ್ಲಿ ಹಾಡು ಹಾಕುವುದನ್ನು ಬಿಡಿರಿ. ಮುಂದಿನ ಸಾಲಿನ ಕೆಲವು ಕುರ್ಚಿಗಳನ್ನು ಗಣ್ಯರಿಗಾಗಿ ಅಲ್ಲ, ಕಿವಿ ಕುಂದಿದವರಿಗಾಗಿ ಕಾದಿರಿಸಿರಿ. ವರದಿಯನ್ನು ಓದುವ ಮುಂಚೆ ಅದರ ಬರೆದ ಪ್ರತಿಯನ್ನು ಅವರ ಕೈಗೆ ಕೊಡಿರಿ. ಊಟದ ಹೊತ್ತಿನಲ್ಲಿ ಒಂದು ತರಗತಿಯ ಕೋಣೆಯನ್ನು ಬಾಗಿಲು ಹಾಕಿ ಸದ್ದಿಲ್ಲದಂತೆ ಇರಿಸಿರಿ. ಹತ್ತು ಹನ್ನೆರಡು ಜನ ಸುತ್ತಲೂ ಕುಳಿತು ಒಬ್ಬರ ಮುಖವನ್ನೊಬ್ಬರು ನೋಡಿ ಮಾತನಾಡುವಂತಾಗಲಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಇನ್ನು ಕಪಾಟಿನಲ್ಲಿ ಯಂತ್ರವನ್ನಿರಿಸಿರುವ ಗೆಳತಿಯರಿಗೆ ಒಂದು ಮಾತು. ಕೂಟಕ್ಕೆ ಇನ್ನೂ ತಿಂಗಳುಗಳಿವೆ. ಇಂದೇ ಡಬ್ಬಿಯನ್ನು ತೆರೆಯಿರಿ, ಬ್ಯಾಟರಿಯನ್ನು ನೋಡಿರಿ, ಬೇಕಾದರೆ ತಜ್ಞರಲ್ಲಿಗೆ ಹೋಗಿಬನ್ನಿರಿ. ಮೊದಲ ವಾರ ಫ್ಯಾನು ಗೊರಗುಟ್ಟುತ್ತದೆ, ಗೊರಗುಟ್ಟಲಿ. ನಮಗೂ ಇಂದಿಗೂ ಮದುವೆಯ ಮಂಟಪದಲ್ಲಿ ಎಲ್ಲವೂ ತಿಳಿಯುವುದಿಲ್ಲ. ಮಿಕ್ಸಿ ತಿರುಗುತ್ತಿರುವಾಗ ಯಾರ ಮಾತೂ ತಿಳಿಯುವುದಿಲ್ಲ. ಆದರೆ ಕಳೆದ ವಾರ್ಷಿಕೋತ್ಸವಕ್ಕೆ ಮೊಮ್ಮಗಳು ಪದ್ಯವನ್ನು ನಮ್ಮ ಬಳಿಯೇ ಕಲಿತಳು. ಅಡಿಗೆಮನೆಯ ಬಾಗಿಲನ್ನು ತಾನೇ ಹೋಗಿ ಮುಚ್ಚಿಬಂದು, ನಮ್ಮ ಎದುರಿಗೆ ಕುಳಿತು, ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು ಹೇಳಿ ಒಪ್ಪಿಸಿದಳು. ಎರಡು ಕಡೆ ‘ಶ’ಕಾರಕ್ಕೆ ‘ಸ’ಕಾರವನ್ನು ಉಚ್ಚರಿಸಿದಳು. ಅದು ನಮಗೆ ಕೇಳಿಸಿತು, ತಿದ್ದಿದೆವು.